ಚಂದ್ರಿ ನೀರು ಬಿಟ್ಟದ್ದು ಯಾಕೆ

ಮುನಿಗಂಗಮ್ಮನನ್ನು ದೊಮ್ಮಲೂರಿನಲ್ಲಿ ಎಲ್ಲರೂ ಗಂಗಕ್ಕ ಅನ್ನುತ್ತಿದ್ದರು. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಹಿತ್ತಲಿಗೆ ಬಂದರೆ ಆ ಗೋಡೆ ಸೊಂಟದೆತ್ತರಕ್ಕೆ ಇಳಿಯುತ್ತಿತ್ತು. ಅವಳು ಆ ಕಡೆ ಸಗಣಿ ಬಾಚುತ್ತಾ, ನಾನು ಈ ಕಡೆ ಪಾತ್ರೆ ಉಜ್ಜುತ್ತಾ, ಎಷ್ಟು ಮಾತಾಡಿದ್ದೇವೋ ಲೆಕ್ಕವಿಲ್ಲ. ನಾನು ಕಣ್ಣಾರೆ ಕಂಡದ್ದನ್ನು, ಅವಳ ಬಾಯಿಂದಲೇ ಕೇಳಿದ್ದನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ಗಂಡ ಮುನಿಆಂಜನಪ್ಪ ಇದ್ದಾಗ ಅವರಿಗೆ ರಾಗಿ ಹೊಲವಿತ್ತು, ಕೊಟ್ಟಿಗೆ ತುಂಬ ದನವಿತ್ತು. ಹೊಲ ಬಡಾವಣೆಯಾಯಿತು. ಹೊಲವಿದ್ದ ಜಾಗದಲ್ಲೇ ಮನೆ ಕಟ್ಟಿಕೊಂಡು ಬಂದವರಿಗೆ ಗಂಗಕ್ಕ ಹಾಲು ಹಾಕತೊಡಗಿದಳು. ಗಂಡ ಹೋದ ಮೇಲೆ ದನಗಳೂ ಒಂದೊಂದಾಗಿ ಕಡಿಮೆಯಾದವು. ಕೊನೆಗೆ ಉಳಿದದ್ದು ಚಂದ್ರಿ. ಕಪ್ಪು ಮೈಯ ಸೀಮೆ ಹಸು, ಹಣೆಯ ಮೇಲೆ ಬಿದಿಗೆಯ ಚಂದ್ರನ ಹಾಗೆ ಒಂದು ಬಿಳಿ ಗೀರು.

ಪ್ರಶ್ನೆ ಕೇಳುವುದು ಗಂಗಕ್ಕನ ಹುಟ್ಟುಗುಣ. "ಯಾಕಂತೆ?" ಅನ್ನದೆ ಅವಳು ಯಾವ ಮಾತನ್ನೂ ಒಪ್ಪುತ್ತಿರಲಿಲ್ಲ. ಇಂದಿರಾನಗರದ ಒಂದು ಮನೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಮೀನು ಸಾಕಿದ್ದರು. ನೀರಿನೊಳಗೆ ಗುಳ್ಳೆ ಯಾಕೆ ಬಿಡುತ್ತೀರಿ ಅಂತ ಕೇಳಿ, ಆ ಮನೆಯಮ್ಮ ಸರಿಯಾಗಿ ಬಿಡಿಸಿ ಹೇಳುವ ತನಕ ಹಾಲು ಅಳೆಯದೆ ಬಾಗಿಲಲ್ಲೇ ನಿಂತಿದ್ದಳಂತೆ. ಹಾಲಿನ ಕ್ಯಾನು ಹಿಡಿದು ಮನೆ ಮನೆ ಸುತ್ತುವುದು ಅವಳಿಗೆ ಬರೀ ಕೆಲಸವಾಗಿರಲಿಲ್ಲ. ಲೋಕದಲ್ಲಿ ಏನೇನು ಹೊಸದು ಬಂದಿದೆ ಅಂತ ಅವಳು ನೋಡಿಕೊಂಡು ಬರುತ್ತಿದ್ದುದೇ ಆಗ. ಹಸು ಇದ್ದರೆ ಸುತ್ತಾಟ. ಹಸು ಹೋದರೆ ಅವಳು ಮಗನ ಮನೆಯ ಅಡುಗೆಮನೆಗೂ ನಮ್ಮ ಗೋಡೆಗೂ ನಡುವೆ ಉಳಿದುಬಿಡುತ್ತಿದ್ದಳು.

ಮಗ ಮುನಿರಾಜು ಮುಂದಿನ ಕೋಣೆಯಲ್ಲಿ ಎಸ್‌ಟಿಡಿ ಬೂತ್ ಇಟ್ಟಿದ್ದ. ಆಗೆಲ್ಲ ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು. ಮಾತಿನ ನಡುವೆ ಕರೆಂಟು ಹೋದರೆ ಬಿಲ್ಲು ಬರೆಯುವ ಪೆಟ್ಟಿಗೆ ಸತ್ತುಹೋಗುತ್ತಿತ್ತು. ಬಂದವರು ಎದುರು ಬೀದಿಯ ಬೂತಿಗೆ ಹೋಗುತ್ತಿದ್ದರು. ಅದಕ್ಕೆ ಅವನು ಶಿವಾಜಿನಗರದಿಂದ ಸನಾವುಲ್ಲಾನನ್ನು ಕರೆಸಿದ. ಸನಾವುಲ್ಲಾ ಮೊದಲು ಲಾರಿ, ಕಾರುಗಳ ಬ್ಯಾಟರಿ ಚಾರ್ಜ್ ಮಾಡಿಕೊಡುತ್ತಿದ್ದವನು. ಆಮೇಲೆ ಇನ್ವರ್ಟರ್ ಹಾಕಲು ಕಲಿತ, ಆಮೇಲೆ ಸೋಲಾರ್. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ಬೀದಿಯಲ್ಲಿ ಸೋಲಾರ್ ಹಲಗೆ ಏರಿದ ಮೊದಲ ತಾರಸಿ ಅದೇ.

ಅವತ್ತು ಗಂಗಕ್ಕ ಸನಾವುಲ್ಲಾನ ಹಿಂದೆ ಮುಂದೆ ಓಡಾಡಿದ್ದನ್ನು ನೋಡಬೇಕಿತ್ತು.

"ಬಿಸಿಲು ಈ ಹಲಗೆ ಮೇಲೆ ಬೀಳುತ್ತೆ ಸರಿ. ಕೆಳಗೆ ಹೆಂಗೆ ಇಳಿಯುತ್ತೆ ಸಾಬ್ರೇ?"

"ಬಿಸಿಲು ಇಳಿಯಲ್ಲಮ್ಮ, ಅದು ಮೇಲೇ ಕರೆಂಟಾಗುತ್ತೆ. ಕರೆಂಟು ಇಳಿದು ಬ್ಯಾಟ್ರಿಲಿ ಕೂರುತ್ತೆ."

"ಮೋಡ ಇದ್ರೆ?"

"ಮೋಡ ಇದ್ರೆ ಲೈನ್ ಕರೆಂಟಿಂದ ತುಂಬ್ಕೊಳ್ಳುತ್ತೆ. ಅಮ್ಮಾ, ನೀವು ಕೇಳೋ ಸ್ಪೀಡಿಗೆ ನನ್ನ ಕೈ ಓಡಲ್ಲ."

ಇನ್ವರ್ಟರಿನ ಕಬ್ಬಿಣದ ಪೆಟ್ಟಿಗೆಯನ್ನು ಬೂತಿನ ಗೋಡೆಗೆ ಕೂರಿಸಿ, ಅದರ ಮೈಯಿಂದ ಒಂದು ಹಸಿರು ವೈರು ಎಳೆದು, ಗೋಡೆ ತೂತಿನಿಂದ ಹಿತ್ತಲಿಗೆ ತಂದು, ನಲ್ಲಿಯ ಪೈಪಿಗೆ ಸುತ್ತಿ ಬಿಗಿದ. ಗಂಗಕ್ಕ ಅದನ್ನೂ ಬಿಡಲಿಲ್ಲ. "ಇದ್ಯಾಕಂತೆ?"

"ಇದು ಅರ್ಥು. ಪೆಟ್ಟಿಗೆಗೆ ಏನಾದ್ರೂ ಕರೆಂಟು ಸೋರಿದ್ರೆ ಈ ವೈರು ಹಿಡ್ಕೊಂಡು ಭೂಮಿಗೆ ಹೋಗ್ಬಿಡುತ್ತೆ. ನಮ್ಮ ಉಸ್ತಾದ್ ಕಾಲದಿಂದ್ಲೂ ಹಿಂಗೇ. ಹಲಸೂರು, ಫ್ರೇಜರ್ ಟೌನ್, ಎಲ್ಲಾ ಕಡೆ ನೀರಿನ ಪೈಪಿಗೇ ಕಟ್ಟಿದೀನಿ. ಕಬ್ಬಿಣದ ಪೈಪು, ನೆಲದೊಳಗೆ ಬೀದಿ ಉದ್ದಕ್ಕೂ ಹೋಗುತ್ತೆ. ಇದಕ್ಕಿಂತ ಒಳ್ಳೆ ಅರ್ಥು ಎಲ್ಲಿ ಸಿಗುತ್ತೆ ಹೇಳಿ?"

ಆ ಮಾತು ಅವತ್ತಿಗೆ ಸರಿಯಾಗಿಯೇ ಇತ್ತು. ವರ್ಷಗಟ್ಟಲೆ ಏನೂ ಆಗಲಿಲ್ಲ. ಬೂತು ನಡೆಯಿತು, ಮುನಿರಾಜುವಿಗೆ ಮದುವೆಯಾಯಿತು, ಬೃಂದಾ ಸೊಸೆಯಾಗಿ ಬಂದಳು. ಬೃಂದಾ ಚೊಕ್ಕಟದ ಹುಡುಗಿ. ಹಿತ್ತಲ ಬಾಗಿಲಲ್ಲಿ ಎರಡು ಜೊತೆ ಹವಾಯಿ ಚಪ್ಪಲಿ ಇಟ್ಟು, ಕೊಟ್ಟಿಗೆಗೆ ಹೋಗುವವರು ಅವನ್ನು ಮೆಟ್ಟಿಕೊಂಡೇ ಹೋಗಬೇಕು, ಒಳಗೆ ಬರುವಾಗ ಅಲ್ಲೇ ಬಿಡಬೇಕು ಅಂತ ಕಟ್ಟುನಿಟ್ಟು ಮಾಡಿದಳು. ಹುಟ್ಟಿದಾಗಿನಿಂದ ಬರಿಗಾಲಲ್ಲಿ ಸಗಣಿ ತುಳಿದ ಗಂಗಕ್ಕ ಮೊದಲು ಗೊಣಗಿದಳು. "ನನ್ನ ಕಾಲು ನನ್ನ ಮನೇಲೇ ಹೊಲಸಾಯ್ತಾ?" ಅಂದಳು. ಆಮೇಲೆ ಹಿಮ್ಮಡಿಯ ಬಿರುಕು ವಾಸಿಯಾಯಿತು ಅಂತ ಅವಳಿಗೇ ಚಪ್ಪಲಿ ಹಿಡಿಸಿತು. ಮನೆಗೆ ಇದ್ದದ್ದು ಹಿತ್ತಲಿನ ಅದೊಂದೇ ನಲ್ಲಿ. ನೀರು ಹಿಡಿಯಲು ಹೋದವರೆಲ್ಲರ ಕಾಲಲ್ಲೂ ರಬ್ಬರು.

ನಲ್ಲಿಯ ಕೆಳಗೆ ಚಂದ್ರಿ ನೀರು ಕುಡಿಯುವ ತೊಟ್ಟಿ. ಡಾಂಬರಿನ ಡ್ರಮ್ಮನ್ನು ಅರ್ಧಕ್ಕೆ ಕೊಯ್ದು ಮಾಡಿದ್ದು. ಹಸು ಮೂತಿಯಿಂದ ತಳ್ಳಿ ಉರುಳಿಸದಿರಲಿ ಅಂತ ಅದನ್ನು ಕಂಬಿಯಿಂದ ನಲ್ಲಿಯ ಪೈಪಿಗೇ ಬಿಗಿದಿದ್ದರು.

ಹೊಸ ಶತಮಾನ ಶುರುವಾದ ಮೇಲೆ ಒಂದು ಬೇಸಿಗೆಯಲ್ಲಿ ನಮ್ಮ ಬೀದಿಯನ್ನು ಅಗೆದು ಮುಚ್ಚಿದರು. ಆ ಧೂಳು ಅಡಗಿ, ಮಳೆ ಬಂದು ನಿಂತ ಮೇಲೆ ಚಂದ್ರಿ ನೀರು ಬಿಟ್ಟಳು.

ಪೂರ್ತಿ ಬಿಟ್ಟಳು ಅನ್ನಲಾಗದು. ತೊಟ್ಟಿಯ ಹತ್ತಿರ ಹೋಗುವಳು, ಬಗ್ಗುವಳು, ಮೂತಿ ನೀರಿಗೆ ತಾಗುತ್ತಿದ್ದಂತೆ ತಲೆ ಎತ್ತಿ ಹಿಂದಕ್ಕೆ ಸರಿದು ನಿಲ್ಲುವಳು. ನಾಲಗೆಯಿಂದ ಮೂಗು ನೆಕ್ಕಿಕೊಂಡು ಮತ್ತೆ ಬಗ್ಗುವಳು, ಮತ್ತೆ ಸರಿಯುವಳು. ಹಾಲು ಇಳಿಯಿತು. ಪಕ್ಕೆ ಒಳಕ್ಕೆ ಹೋಯಿತು. ದನದ ಡಾಕ್ಟರು ಬಂದು ಬಾಯಿ, ಹಲ್ಲು, ಗಂಟಲು ಎಲ್ಲ ನೋಡಿ, ರೋಗ ಏನೂ ಕಾಣಿಸುತ್ತಿಲ್ಲ, ಬಾಯಿಯಲ್ಲಿ ಹುಣ್ಣೂ ಇಲ್ಲ ಅಂದರು.

ಬೀದಿಯವರೆಲ್ಲ ಒಂದೊಂದು ಹೇಳಿದರು. ಬೂತಿಗೆ ಬರುವವರ ಕಣ್ಣು ಬಿದ್ದಿದೆ ಅಂದರು. ಕಾವೇರಿ ನೀರಿಗೆ ಪುಡಿ ಹಾಕುತ್ತಾರಲ್ಲ, ಅದರ ವಾಸನೆ ಅಂದರು. ತೊಟ್ಟಿಗೆ ತುಕ್ಕು ಹಿಡಿದಿದೆ ಅಂದರು. ಗಂಗಕ್ಕ ಯಾರ ಮಾತನ್ನೂ ತಳ್ಳಿಹಾಕಲಿಲ್ಲ; ಎಲ್ಲವನ್ನೂ ಮಾಡಿ ನೋಡಿದಳು. ಆದರೆ ಒಂದು ಸಲಕ್ಕೆ ಒಂದೇ. ದೃಷ್ಟಿ ತೆಗೆದಳು, ಕಾದು ನೋಡಿದಳು. ತೊಟ್ಟಿಯನ್ನು ಹುಣಸೆಹಣ್ಣು ಹಾಕಿ ಉಜ್ಜಿದಳು, ಕಾದಳು. ನೀರನ್ನು ಒಂದು ರಾತ್ರಿ ಹಾಗೇ ಬಿಟ್ಟು ವಾಸನೆ ಹೋಗಲಿ ಅಂದಳು, ಕಾದಳು.

"ಎಲ್ಲಾ ಒಟ್ಟಿಗೆ ಮಾಡ್ಬಿಡು ಗಂಗಕ್ಕ, ಯಾವುದಾದ್ರೂ ಒಂದು ಹತ್ತುತ್ತೆ" ಅಂದೆ ನಾನು.

"ಎರಡು ಒಟ್ಟಿಗೆ ಮಾಡಿದ್ರೆ ಯಾವುದ್ರಿಂದ ಆಯ್ತು ಅಂತ ಹೆಂಗೆ ಗೊತ್ತಾಗ್ತದೆ ಗೋವಿಂದಮ್ಮ? ಇನ್ನೊಂದು ಸಲ ಬಂದ್ರೆ ಮತ್ತೆ ಎಲ್ಲಾ ಮಾಡ್ಬೇಕಾ?"

ಮುನಿರಾಜುವಿಗೆ ಅಷ್ಟು ತಾಳ್ಮೆ ಇರಲಿಲ್ಲ. ಅವನು ಕೆಟ್ಟವನಲ್ಲ, ಹಸು ಕಣ್ಣ ಮುಂದೆ ಸೊರಗುವುದನ್ನು ನೋಡಲಾರದವನು. ಕೆ.ಆರ್.ಪುರಂ ಸಂತೆಗೆ ದನ ಹೊಡೆಯುವ ದಲ್ಲಾಳಿ ಅಹ್ಮದ್ ಪಾಷಾಗೆ ಹೇಳಿಕಳಿಸಿದ.

"ಅವ್ವಾ, ಕೊಟ್ಬಿಡಣ. ಬೇರೆ ಕೊಟ್ಟಿಗೆಗೆ ಹೋದ್ರೆ ಬದುಕುತ್ತೋ ಏನೋ. ಇಲ್ಲಿದ್ರೆ ಸಾಯುತ್ತೆ."

"ಯಾಕೆ ಸಾಯುತ್ತೆ ಅಂತ ಹೇಳ್ಬಿಡು, ಕೊಡ್ತೀನಿ."

"ಅದು ಗೊತ್ತಿದ್ದಿದ್ರೆ ನಾನು ದನದ ಡಾಕ್ಟ್ರಾಗ್ತಿದ್ದೆ. ಪಾಷಾ ಸೋಮವಾರ ಬರ್ತಾನೆ."

"ಬರ್ಲಿ. ಅಲ್ಲಿ ತನಕ ನನ್ನ ತಂಟೆಗೆ ಬರ್ಬೇಡ."

ಅವತ್ತಿನಿಂದ ಗಂಗಕ್ಕ ಹಿತ್ತಲಲ್ಲೇ ಕೂತಳು. ಬೇರೇನೂ ಮಾಡಲಿಲ್ಲ, ಹಸುವನ್ನು ನೋಡಿದಳು. ನೋಡಿ ನೋಡಿ ಒಂದು ಸಂಗತಿ ಹಿಡಿದಳು. ಮಧ್ಯಾಹ್ನದ ಹೊತ್ತು ಚಂದ್ರಿ ಕುಡಿಯುತ್ತಿದ್ದಳು. ಹೆದರಿ ಹೆದರಿ, ಆದರೂ ನಾಲ್ಕು ಗುಟುಕು ಎಳೆಯುತ್ತಿದ್ದಳು. ಬೆಳಿಗ್ಗೆ ಇಲ್ಲ, ಸಂಜೆ ಇಲ್ಲ.

ಗೋಡೆಯ ಹತ್ತಿರ ಬಂದು ನನ್ನನ್ನು ಕೇಳಿದಳು: "ಮಧ್ಯಾಹ್ನ ಏನು ಬೇರೆ? ಅದೇ ನೀರು. ಅದೇ ತೊಟ್ಟಿ."

"ಬಿಸಿಲಿಗೆ ದಾಹ ಜಾಸ್ತಿ" ಅಂದೆ.

"ನಿನ್ನೆ ಮೋಡ ಇತ್ತಲ್ಲ. ನಿನ್ನೇನೂ ಕುಡೀತು."

ಅಷ್ಟರಲ್ಲಿ ಮುನಿರಾಜು ಊಟ ಮುಗಿಸಿ ಬೂತಿನ ಬಾಗಿಲು ಎತ್ತಿದ ಸದ್ದು ಕೇಳಿತು. ಬಾಗಿಲು ಹಾಕುವಾಗ ಮೇನ್ ಸ್ವಿಚ್ಚನ್ನೂ ಇನ್ವರ್ಟರನ್ನೂ ಆರಿಸಿ ಹೋಗುವುದು, ಬಂದು ಮತ್ತೆ ಹಾಕುವುದು ಅವನ ಅಭ್ಯಾಸ. ಎಲ್ಲೋ ಒಂದು ಅಂಗಡಿ ಸುಟ್ಟುಹೋದ ಸುದ್ದಿ ಓದಿದಾಗಿನಿಂದ ಹಾಗೆ. ಬಾಗಿಲು ಎತ್ತಿದ ಸ್ವಲ್ಪ ಹೊತ್ತಿಗೆ, ತೊಟ್ಟಿಯಲ್ಲಿ ಮೂತಿ ಇಟ್ಟಿದ್ದ ಚಂದ್ರಿ ತಟ್ಟನೆ ತಲೆ ಎತ್ತಿ ಹಿಂದಕ್ಕೆ ಜಿಗಿದಳು.

ನಾವಿಬ್ಬರೂ ಅದನ್ನು ನೋಡಿದೆವು.

ಗಂಗಕ್ಕ ಒಳಗೆ ಹೋಗಿ ಮಗನಿಗೆ ಹೇಳಿದ್ದು ನನಗೂ ಕೇಳಿಸಿತು. "ನಿನ್ನ ಬೂತು ಮುಚ್ಚಿದ್ರೆ ಹಸು ನೀರು ಕುಡೀತದೆ ಕಣೋ. ತೆಗೆದ್ರೆ ಬಿಡ್ತದೆ."

"ಹಸೂಗೂ ನನ್ನ ಬೂತು ಕಂಡ್ರೆ ಆಗಲ್ವಾ? ಎದುರು ಬೂತಿನೋನು ಏನಾದ್ರೂ ಹೇಳ್ಕೊಟ್ನಾ ಅದಕ್ಕೆ?" ಅಂತ ಅವನು ನಕ್ಕ.

ಅವಳು ನಗಲಿಲ್ಲ. ಹಿತ್ತಲಿಗೆ ಬಂದು ಚಂದ್ರಿಯನ್ನು ತಲೆಯಿಂದ ಕಾಲಿನ ತನಕ ನೋಡಿದಳು. ತಾನು ದಿನಾ ಅದೇ ತೊಟ್ಟಿಗೆ ಕೈ ಹಾಕಿ ತೊಳೆಯುತ್ತಿದ್ದೇನೆ, ತನಗೇನೂ ಆಗುತ್ತಿಲ್ಲ. ಹಸುವಿಗೆ ಆಗುತ್ತಿದೆ. ಹಾಗಾದರೆ ತನಗೂ ಹಸುವಿಗೂ ಏನು ವ್ಯತ್ಯಾಸ? ಆಮೇಲೆ ತನ್ನ ಕಾಲು ನೋಡಿಕೊಂಡಳು.

"ಅದು ನಿಂತ ಹಾಗೆ ನಾನೂ ನಿಂತು ನೋಡ್ಬೇಕು" ಅಂದಳು. ಚಪ್ಪಲಿ ಕಳಚಿ, ಚಂದ್ರಿ ನಿಲ್ಲುವ ಒದ್ದೆ ಚಪ್ಪಡಿಯ ಮೇಲೆ ಬರಿಗಾಲಲ್ಲಿ ನಿಂತು, ಬೆರಳ ತುದಿಯನ್ನು ತೊಟ್ಟಿಯ ನೀರಿಗೆ ತಾಗಿಸಿದಳು.

ಕೆಂಜಿಗ ಕಚ್ಚಿದವಳ ಹಾಗೆ ಕೈ ಕಿತ್ತುಕೊಂಡಳು. ನಾನು ಗೋಡೆಯ ಈ ಕಡೆಯಿಂದ ಕಿರುಚಿದೆ. ಅವಳು ಮೊಣಕೈ ತಿಕ್ಕಿಕೊಳ್ಳುತ್ತಾ, "ಜುಮ್ ಅಂತು ಗೋವಿಂದಮ್ಮ. ಇಲ್ಲಿ ತನಕ ಬಂತು" ಅಂದಳು. ಮುಖದಲ್ಲಿ ಹೆದರಿಕೆಯೂ ಇತ್ತು, ಏನೋ ಸಿಕ್ಕಿತು ಅನ್ನುವ ಬೆಳಕೂ ಇತ್ತು. ಆಮೇಲೆ ಚಂದ್ರಿಯ ಕೊರಳಿಗೆ ಕೈ ಹಾಕಿದಳು. "ಇಷ್ಟು ದಿನ ಹೇಳ್ತಾನೇ ಇದ್ದೆಯಲ್ಲೇ, ತಾಯಿ. ನಮ್ಮ ಕಾಲಿಗೆ ಚಪ್ಪಲಿ ಇತ್ತು, ಗೊತ್ತಾಗ್ಲಿಲ್ಲ."

ಮುನಿರಾಜು ಆಗ ನಗಲಿಲ್ಲ. ಮೇನ್ ಸ್ವಿಚ್ಚನ್ನೂ ಇನ್ವರ್ಟರನ್ನೂ ಆರಿಸಿ, ಸನಾವುಲ್ಲಾಗೆ ಫೋನು ಮಾಡಿದ.

ಸನಾವುಲ್ಲಾ ಬಂದವನು ವಿಷಯ ಕೇಳುತ್ತಲೇ ಮೊದಲು ಗಂಗಕ್ಕನನ್ನು ಬೈದ. "ಯಾ ಅಲ್ಲಾ! ಕೈ ಹಾಕಿ ನೋಡೋದಾ? ಅದು ನಮ್ಮ ಮೈಯಿಂದ ನೋಡೋ ವಸ್ತು ಅಲ್ಲಮ್ಮ. ಅದಕ್ಕೆ ಟೆಸ್ಟರ್ ಇದೆ. ಇನ್ನೊಂದು ಚೂರು ಜಾಸ್ತಿ ಸೋರಿದ್ರೆ ನೀವು ಅಲ್ಲೇ!"

"ಬೈದಿದ್ದಾಯ್ತಲ್ಲ, ಈಗ ನೋಡಿ" ಅಂದಳು ಗಂಗಕ್ಕ.

ಅವನು ಎಲ್ಲರನ್ನೂ ದೂರ ನಿಲ್ಲಿಸಿ, ಸ್ವಿಚ್ಚು ಹಾಕಿಸಿ, ಟೆಸ್ಟರನ್ನು ನಲ್ಲಿಗೆ ಇಟ್ಟ. ಅದರೊಳಗಿನ ಸಣ್ಣ ದೀಪ ಕೆಂಪಗೆ ಹತ್ತಿತು. ಮತ್ತೆ ಎಲ್ಲ ಆರಿಸಿ ಇನ್ವರ್ಟರಿನ ಪೆಟ್ಟಿಗೆ ಬಿಚ್ಚಿದ. ವೈರು ಒಳಹೋಗುವ ತೂತಿನಲ್ಲಿದ್ದ ರಬ್ಬರು ಕಾವಿಗೆ ಒಣಗಿ ಉದುರಿತ್ತು. ತೂತಿನ ಅಂಚಿಗೆ ವೈರಿನ ಸಿಪ್ಪೆ ಉಜ್ಜಿ ಸವೆದು, ಒಳಗಿನ ಕರೆಂಟು ಪೆಟ್ಟಿಗೆಗೆ ಸ್ವಲ್ಪ ಸ್ವಲ್ಪವೇ ಸೋರುತ್ತಿತ್ತು. ಆ ವೈರು ಬದಲಾಯಿಸಿದ. ಕೆಲಸ ಅಲ್ಲಿಗೆ ಮುಗಿಯಿತು ಅಂತ ನಾವಂದುಕೊಂಡೆವು. ಅವನು ಮಾತ್ರ ನಲ್ಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ತಲೆ ಕೆರೆದುಕೊಂಡ.

"ಸೋರಿದ್ದೇನೋ ಸರಿ. ಸೋರಿದ್ದು ಭೂಮಿಗೆ ಯಾಕೆ ಹೋಗ್ಲಿಲ್ಲ? ಹಸಿರು ವೈರು ಇದೆ, ಬಿಗಿಯಾಗೇ ಇದೆ, ಪೈಪಿದೆ. ಹೋಗ್ಬೇಕಿತ್ತಲ್ಲ. ಪೈಪಲ್ಲೇ ಯಾಕೆ ನಿಂತ್ಕೊಂತು?"

ಅವನ ಹತ್ತಿರ ಎರಡು ವೈರು ಕಟ್ಟಿದ ಒಂದು ಬಲ್ಬಿತ್ತು. ಮತ್ತೆ ಸ್ವಿಚ್ಚು ಹಾಕಿಸಿ, ಒಂದು ವೈರನ್ನು ಬೂತಿನ ಲೈನಿಗೆ, ಇನ್ನೊಂದನ್ನು ನಲ್ಲಿಯ ಪೈಪಿಗೆ ಕೊಟ್ಟ. ಅರ್ಥು ಸರಿ ಇದ್ದರೆ ಬಲ್ಬು ಭಗ್ ಅಂತ ಉರಿಯಬೇಕಂತೆ. ಬಲ್ಬಿನೊಳಗಿನ ತಂತಿ ಕೆಂಪಗೂ ಆಗಲಿಲ್ಲ.

ಗಂಗಕ್ಕ ಅವನ ಪಕ್ಕದಲ್ಲೇ, ಈ ಸಲ ಚಪ್ಪಲಿ ಮೆಟ್ಟಿಕೊಂಡು, ಕೂತಿದ್ದಳು. ಸನಾವುಲ್ಲಾ ಯೋಚನೆ ಮಾಡುತ್ತಾ ಸುತ್ತ ಕಣ್ಣಾಡಿಸಿದ. ಹಿತ್ತಲ ಮೂಲೆಯಲ್ಲಿ ಸೀಮೆಬದನೆ ಬಳ್ಳಿಯ ಚಪ್ಪರವಿತ್ತು. ಚಪ್ಪರದ ಕಂಬದ ಮೇಲೆ ಅವನ ಕಣ್ಣು ನಿಂತಿತು.

"ಅಮ್ಮಾ, ಆ ಕಬ್ಬಿಣದ ಪೈಪು ಎಲ್ಲಿಂದ ತಂದ್ರಿ?"

"ಅದಾ? ಬೀದಿ ಅಗೆದಾಗ ತೆಗೆದು ಬಿಸಾಕಿದ್ರು. ನಮ್ಮನೆ ಪೈಪೇ ಅಲ್ವಾ ಅಂತ ತಗೊಂಡು ಬಂದು ನೆಟ್ಟೆ."

"ನಿಮ್ಮನೆ ಪೈಪಾ? ಹಂಗಾದ್ರೆ ಈಗ ನೆಲದೊಳಗೆ ಏನಿದೆ?"

"ಪ್ಲಾಸ್ಟಿಕ್ಕು. ಗೋಡೆ ಆ ಕಡೆಯಿಂದ ಎಲ್ಲಾ ಪ್ಲಾಸ್ಟಿಕ್ಕೇ ಹಾಕಿದ್ರು. ತುಕ್ಕು ಹಿಡಿಯಲ್ವಂತೆ, ನಾನೇ ಕೇಳಿದ್ದೆ."

ಸನಾವುಲ್ಲಾ ಎದ್ದುಹೋಗಿ ಆ ಕಂಬವನ್ನು ಮುಟ್ಟಿದ. "ನನ್ನ ಅರ್ಥು ಇಲ್ಲಿ ಬಳ್ಳಿ ಹಬ್ಬಿಸ್ಕೊಂಡು ನಿಂತಿದೆ" ಅಂದ. "ಅಲ್ಲಿ ಬರೀ ನಲ್ಲಿ ಉಳಿದಿದೆ. ಕೆಳಗೆ ದಾರಿನೇ ಇಲ್ಲ."

"ದಾರಿ ಇಲ್ದಿದ್ರೆ ಕರೆಂಟು ಏನ್ಮಾಡುತ್ತೆ?"

"ಕಾಯುತ್ತೆ ಅಮ್ಮಾ. ನೆಲದ ಮೇಲೆ ನಿಂತು ಯಾರು ಮುಟ್ತಾರೋ, ಅವರೇ ಅದಕ್ಕೆ ದಾರಿ."

"ಚಂದ್ರಿ ದಾರಿ ಆಗಿದ್ಲು" ಅಂದಳು ಗಂಗಕ್ಕ.

ಮಾರನೆಯ ದಿನ ಸನಾವುಲ್ಲಾ ಗುಂಡಿ ತೋಡಿಸಲು ಬಂದ. ಎಲ್ಲಿ ತೋಡುವುದು ಅನ್ನುವುದಕ್ಕೆ ಅವನಿಗೂ ಗಂಗಕ್ಕನಿಗೂ ಚರ್ಚೆ. ಯಾವಾಗಲೂ ಒದ್ದೆ ಇರುವ ಜಾಗ ಬೇಕು ಅಂತ ಅವನು. ಹಾಗಾದರೆ ಗಂಜಲ ಹರಿಯುವ ಕಡೆಗಿಂತ ಒದ್ದೆ ಎಲ್ಲಿದೆ ಅಂತ ಇವಳು. ಗಂಜಲ ಕಬ್ಬಿಣವನ್ನು ತಿಂದುಹಾಕುತ್ತದೆ, ದನ ತುಳಿಯುವ ಜಾಗವೂ ಬೇಡ ಅಂತ ಅವನು. ಕೊನೆಗೆ ಸೀಮೆಬದನೆ ಚಪ್ಪರದ ಪಕ್ಕ, ಪಾತ್ರೆ ತೊಳೆದ ನೀರು ಹೋಗುವ ಕಡೆ ಒಪ್ಪಂದವಾಯಿತು. ಆಳುದ್ದಕ್ಕಿಂತ ಆಳ ತೋಡಿ, ನಡುವೆ ತೂತುಗಳಿದ್ದ ಹೊಸ ಪೈಪು ನಿಲ್ಲಿಸಿ, ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು, ಮತ್ತೆ ಇದ್ದಿಲು ಹಾಕಿ ಮುಚ್ಚಿದರು. ನೀರು ಹೊಯ್ಯಲು ಮೇಲೊಂದು ಆಲಿಕೆ, ಸುತ್ತ ಇಟ್ಟಿಗೆ ಕಟ್ಟೆ, ಅದಕ್ಕೊಂದು ಕಲ್ಲಿನ ಮುಚ್ಚಳ. ಇನ್ವರ್ಟರಿನ ಪೆಟ್ಟಿಗೆ, ತಾರಸಿಯ ಮೇಲಿನ ಹಲಗೆಗಳ ಚೌಕಟ್ಟು, ನಲ್ಲಿಯ ಪೈಪು, ಎಲ್ಲವನ್ನೂ ಅಲ್ಲಿಗೆ ತಂದು ಬೋಲ್ಟು ಹಾಕಿ ಬಿಗಿದ. ಕರೆಂಟು ಸೋರಿದರೆ ತಾನಾಗಿಯೇ ಬೀಳುವ ಒಂದು ಸ್ವಿಚ್ಚನ್ನೂ ಬೂತಿನಲ್ಲಿ ಕೂರಿಸಿದ. ಮುನಿರಾಜು ಬೆಂಚಿನಡಿ ಮುಚ್ಚಿಟ್ಟಿದ್ದ ಬ್ಯಾಟರಿಯನ್ನು, ಚಾರ್ಜ್ ಆಗುವಾಗ ಅದರಿಂದ ಗ್ಯಾಸ್ ಏಳುತ್ತದೆ ಅಂತ, ಕಿಟಕಿಯ ಪಕ್ಕಕ್ಕೆ ಎಳೆಸಿದ.

ಆಮೇಲೆ ಅದೇ ಬಲ್ಬು ಹಿಡಿದ. ಒಂದು ವೈರು, ಆ ಹೊಸ ಸ್ವಿಚ್ಚು ಬೀಳದ ಹಾಗೆ ಅದಕ್ಕೂ ಹಿಂದಿನ ಲೈನಿಗೆ, ಇನ್ನೊಂದು ಹೊಸ ಅರ್ಥಿಗೆ. ಹಗಲಲ್ಲೂ ಕಣ್ಣು ಕೋರೈಸುವ ಹಾಗೆ ಉರಿಯಿತು. ಗಂಗಕ್ಕ ಇನ್ನೊಂದು ಸಲ ತೋರಿಸಿ ಅಂದಳು. ಅವನು ತೋರಿಸಿದ.

ಎಲ್ಲ ಸರಿಹೋಯಿತು, ಆದರೆ ಚಂದ್ರಿ ಕುಡಿಯಲಿಲ್ಲ.

ತೊಟ್ಟಿಯ ಹತ್ತಿರವೇ ಬರಲಿಲ್ಲ. ದೂರ ನಿಂತು ನೀರನ್ನೂ ನೋಡುತ್ತಿದ್ದಳು, ಗಂಗಕ್ಕನನ್ನೂ ನೋಡುತ್ತಿದ್ದಳು. ಬಕೆಟ್ಟಿನಲ್ಲಿ ಕೊಟ್ಟರೆ ಅದಕ್ಕೂ ಬೆದರಿದಳು. ಕರೆಂಟು ಹೋಗಿತ್ತು, ಹೆದರಿಕೆ ಹೋಗಿರಲಿಲ್ಲ. ಅದಕ್ಕೆ ಸನಾವುಲ್ಲಾನ ಚೀಲದಲ್ಲಿ ಏನೂ ಇರಲಿಲ್ಲ. ಸೋಮವಾರ ಅಹ್ಮದ್ ಪಾಷಾ ಹಗ್ಗ ಹೆಗಲಿಗೆ ಹಾಕಿಕೊಂಡು ಬಂದೇಬಿಟ್ಟ.

"ಬೇಡ ಅಂತ ಹೇಳಿ ಕಳಿಸ್ಲಾ ಅವ್ವಾ?" ಅಂದ ಮುನಿರಾಜು. ಅವನ ದನಿ ಇಳಿದಿತ್ತು. "ಆದ್ರೆ ಕುಡೀದೇ ಇದ್ರೆ ಇಟ್ಕೊಂಡು ಏನ್ಮಾಡಣ?"

ಗಂಗಕ್ಕ ಸನಾವುಲ್ಲಾ ಬಿಟ್ಟುಹೋಗಿದ್ದ ಟೆಸ್ಟರನ್ನು ಮಗನ ಕೈಗೆ ಕೊಟ್ಟು ನಲ್ಲಿ, ತೊಟ್ಟಿ ಎರಡನ್ನೂ ನೋಡಿಸಿದಳು. ದೀಪ ಹತ್ತಲಿಲ್ಲ. ಆಮೇಲೆ ಚಪ್ಪಲಿ ಕಳಚಿ ಬದಿಗಿಟ್ಟಳು. ಬರಿಗಾಲಲ್ಲಿ ಒದ್ದೆ ಚಪ್ಪಡಿಯ ಮೇಲೆ ನಿಂತು, ಎರಡೂ ಕೈಯನ್ನು ಮೊಣಕೈ ತನಕ ತೊಟ್ಟಿಗೆ ಇಳಿಸಿದಳು. ಹಾಗೇ ನಿಂತಳು. ಬೊಗಸೆಯಲ್ಲಿ ನೀರು ಎತ್ತಿ ಸದ್ದು ಮಾಡಿ ಕುಡಿದಳು. ಮತ್ತೆ ಕೈ ಇಳಿಸಿದಳು. ಕರೆಯಲಿಲ್ಲ, ಹಗ್ಗ ಎಳೆಯಲಿಲ್ಲ.

ಪಾಷಾ ಏನೋ ಹೇಳಲು ಬಾಯಿ ತೆರೆದ. ನಾನು ಗೋಡೆಯ ಈ ಕಡೆಯಿಂದ ಬಾಯಿ ಮೇಲೆ ಬೆರಳಿಟ್ಟು ತೋರಿಸಿದೆ.

ಚಂದ್ರಿ ಒಂದೊಂದೇ ಹೆಜ್ಜೆ ಬಂದಳು. ಗಂಗಕ್ಕನ ಮೊಣಕೈ ಮೂಸಿದಳು. ತೋಳು ನೆಕ್ಕಿದಳು, ನೆಕ್ಕುತ್ತಾ ನೆಕ್ಕುತ್ತಾ ನೀರಿನ ತನಕ ಇಳಿದಳು. ಮೂತಿ ತಾಗಿತು. ನಿಂತಳು. ಮತ್ತೆ ತಾಗಿಸಿದಳು. ಆಮೇಲೆ ಮೂಗು ಮುಳುಗುವ ಹಾಗೆ ಬಗ್ಗಿ ಎಳೆದಳು ನೋಡಿ, ತೊಟ್ಟಿಯ ನೀರು ಕಣ್ಣ ಮುಂದೆ ಇಳಿಯಿತು. ಮುನಿರಾಜು ನಲ್ಲಿ ತಿರುಗಿಸಿದ. ಅವಳು ತಲೆ ಎತ್ತಲಿಲ್ಲ.

"ಇದೇನಮ್ಮ, ನೀರೇ ಮುಟ್ಟಲ್ಲ ಅಂದ್ರಲ್ಲ?" ಅಂದ ಪಾಷಾ.

"ಮುಟ್ತಿರ್ಲಿಲ್ಲ. ಈಗ ಮುಟ್ತು. ಬಾ, ಕೂತ್ಕೋ, ಕಾಫಿ ಕುಡ್ಕೊಂಡು ಹೋಗು."

"ಹಸು?"

"ಹಸು ಯಾಕಂತೆ?" ಅಂದಳು ಗಂಗಕ್ಕ. ಪಾಷಾನೇ ಮೊದಲು ನಕ್ಕ.

ಹಾಲು ಮತ್ತೆ ಏರಲು ಸ್ವಲ್ಪ ಕಾಲ ಹಿಡಿಯಿತು. ಏರಿದ ಮೇಲೆ ಗಂಗಕ್ಕನ ಸುತ್ತಾಟ ಮೊದಲಾಯಿತು. ಅಷ್ಟರಲ್ಲಿ ಸನಾವುಲ್ಲಾ ತಾನು ಪೈಪಿಗೆ ಅರ್ಥು ಕಟ್ಟಿದ್ದ ಮನೆಗಳನ್ನು ನೆನಪು ಮಾಡಿಕೊಂಡು ಹಲಸೂರಿನಲ್ಲಿ, ಫ್ರೇಜರ್ ಟೌನಿನಲ್ಲಿ ಮನೆ ಮನೆ ತಿರುಗುತ್ತಿದ್ದ. ದೊಮ್ಮಲೂರು, ಇಂದಿರಾನಗರದ ಕಡೆಯದನ್ನು ಗಂಗಕ್ಕನೇ ವಹಿಸಿಕೊಂಡಳು. ಯಾರೂ ಅವಳಿಗೆ ಹೇಳಿರಲಿಲ್ಲ. ಇನ್ವರ್ಟರ್ ಇದ್ದ ಮನೆಯ ಬಾಗಿಲಲ್ಲಿ ಹಾಲು ಅಳೆಯುವ ಮುಂಚೆ ಕೇಳುತ್ತಿದ್ದಳು: ನಿಮ್ಮನೆ ಹಸಿರು ವೈರು ಎಲ್ಲಿಗೆ ಹೋಗುತ್ತೆ? ಪೈಪಿಗಾ? ಪೈಪು ನೆಲದೊಳಗೆ ಕಬ್ಬಿಣದ್ದಾ, ಪ್ಲಾಸ್ಟಿಕ್ದಾ? ಗೊತ್ತಿಲ್ಲ ಅಂದವರಿಗೆ, ಗೊತ್ತು ಮಾಡ್ಕೊಳ್ಳಿ, ನಾಳೆ ಕೇಳ್ತೀನಿ ಅಂತ ಹೇಳಿ, ಮರುದಿನ ಕೇಳಿಯೇ ಕೇಳುತ್ತಿದ್ದಳು.

ಮೀನು ಸಾಕಿದ್ದ ಆ ಮನೆಯಮ್ಮ ಒಂದು ದಿನ ಬೇಸತ್ತು, "ಹಾಲಿನವರಿಗೆ ಕರೆಂಟಿನ ಮಾತು ಯಾಕಮ್ಮ?" ಅಂದರಂತೆ.

"ನಾನು ಕೇಳ್ತಿಲ್ಲಮ್ಮ" ಅಂದಳಂತೆ ಗಂಗಕ್ಕ. "ನಮ್ಮ ಚಂದ್ರಿ ಕೇಳ್ಕೊಂಡು ಬಾ ಅಂದವಳೆ. ಆ ಮೀನಿನ ಪೆಟ್ಟಿಗೆಗೂ ಒಂದು ವೈರು ಹೋಗಿದೆಯಲ್ಲ, ಅದನ್ನೂ ಒಂದ್ಸಲ ತೋರಿಸ್ತೀರಾ?"